ಪ್ರಶ್ನೆಯನ್ನು ಕಟ್ಟುವ ವಿದ್ಯೆ

ಲಕ್ಷಾಂತರ ಸಾಲುಗಳುಳ್ಳ ಕೋಷ್ಟಕವೊಂದನ್ನು ಗಣಕಯಂತ್ರಕ್ಕೆ ಒಪ್ಪಿಸಿ, ಅದರಿಂದ ತನಗೆ ಬೇಕಾದ ಸರಾಸರಿಯನ್ನೋ ಮೊತ್ತವನ್ನೋ ಕ್ಷಣಾರ್ಧದಲ್ಲಿ ಹೊರಡಿಸಿಕೊಳ್ಳುವ ಸಾಮರ್ಥ್ಯವು ಇಂದು ಸಂಖ್ಯಾಶಾಸ್ತ್ರದ ವಿದ್ವಾಂಸರಿಗೆ ಮಾತ್ರ ಮೀಸಲಾಗಿ ಉಳಿದಿಲ್ಲ. ಬೆಳೆಯ ಇಳುವರಿಯನ್ನು ಅಳೆಯುವ ಕೃಷಿವಿಜ್ಞಾನಿ, ರೋಗದ ಹಬ್ಬುಗೆಯನ್ನು ಗಮನಿಸುವ ವೈದ್ಯ, ಸರ್ಕಾರದ ಆಯವ್ಯಯವನ್ನು ಪರಿಶೀಲಿಸುವ ಪತ್ರಕರ್ತ, ಇವರೆಲ್ಲರಿಗೂ ಅದು ನಿತ್ಯದ ಕೆಲಸವಾಗಿದೆ. ಬಂದ ಉತ್ತರಗಳ ಸರಿತಪ್ಪುಗಳನ್ನು ಕುರಿತು ಸಾರ್ವಜನಿಕರಲ್ಲಿ ಸಾಕಷ್ಟು ಚರ್ಚೆ ನಡೆಯುತ್ತದೆ. ಆ ಉತ್ತರವನ್ನು ತಂದುಕೊಟ್ಟ ಪ್ರಶ್ನೆಯು ಯಂತ್ರದೊಳಗೆ ಯಾವ ಆಕಾರದಲ್ಲಿತ್ತು, ಅದನ್ನು ರಚಿಸಿದವರು ಯಾವ ಸಾಮಗ್ರಿಯಿಂದ ರಚಿಸಿದರು, ಆ ರಚನೆಯು ಭದ್ರವಾಗಿತ್ತೇ ಎಂಬ ವಿಚಾರವನ್ನು ಮಾತ್ರ ಎತ್ತುವವರು ವಿರಳ. ಸಂಖ್ಯಾಶಾಸ್ತ್ರಕ್ಕಾಗಿಯೇ ಹುಟ್ಟಿದ ಆರ್ ಎಂಬ ಗಣಕಭಾಷೆಯಲ್ಲಿ ಪ್ರಶ್ನೆಯೂ ಸಂಖ್ಯೆಯ ಹಾಗೆಯೇ ಕೈಗೆ ಸಿಗತಕ್ಕ, ಬಿಚ್ಚಿ ನೋಡತಕ್ಕ, ಭಾಗಗಳನ್ನು ಬದಲಿಸಿ ಮತ್ತೆ ಜೋಡಿಸತಕ್ಕ ಒಂದು ವಸ್ತುವಾಗಿರುವುದರಿಂದ, ಅದನ್ನು ಹಾಗೆ ಕಟ್ಟುವ ವಿದ್ಯೆಯನ್ನು ನಮ್ಮ ಕಾಲೇಜುಗಳಲ್ಲಿ ಆರಂಭದಿಂದಲೇ ಕಲಿಸಬೇಕೆಂಬುದೂ, ಅಕ್ಷರಗಳನ್ನು ಅಂಟಿಸಿ ಪ್ರಶ್ನೆ ಮಾಡುವ ಈಗಿನ ಅಭ್ಯಾಸವನ್ನು ಬಿಡಿಸಬೇಕೆಂಬುದೂ ನನ್ನ ಅಭಿಪ್ರಾಯ.

ಆರ್ ಭಾಷೆಯ ವಂಶವೃತ್ತಾಂತವನ್ನು ತುಸು ತಿಳಿದುಕೊಂಡರೆ ಈ ಮಾತಿನ ತಳಹದಿ ಸ್ಪಷ್ಟವಾಗುತ್ತದೆ. ಅಮೆರಿಕದ ಬೆಲ್ ಲ್ಯಾಬೊರೇಟರೀಸ್ ಸಂಸ್ಥೆಯಲ್ಲಿ ಜಾನ್ ಚೇಂಬರ್ಸ್ ಮತ್ತು ಅವರ ಸಹೋದ್ಯೋಗಿಗಳು 1976ರಲ್ಲಿ ಎಸ್ ಎಂಬ ಭಾಷೆಯನ್ನು ರೂಪಿಸತೊಡಗಿದರು; ದತ್ತಾಂಶದೊಡನೆ ಸಂಭಾಷಿಸುವಂತೆ ಒಂದೊಂದು ಸಾಲನ್ನು ಬರೆದು ಒಡನೆಯೇ ಉತ್ತರವನ್ನು ಕಾಣಬೇಕೆಂಬುದು ಅವರ ಇಂಗಿತವಾಗಿತ್ತು. ಹದಿನೈದು ವರ್ಷಗಳ ಮೇಲೆ, ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ ಎಂಬ ಇಬ್ಬರು ಅಧ್ಯಾಪಕರು, ತಮ್ಮ ವಿದ್ಯಾರ್ಥಿಗಳಿಗೆ ಒದಗುವಂಥ ಸಾಧನವೊಂದನ್ನು ಮಾಡುವ ಉದ್ದೇಶದಿಂದ, ಹೊರಗೆ ಎಸ್ ಭಾಷೆಯ ಉಡುಪನ್ನೂ ಒಳಗೆ ಸ್ಕೀಮ್ ಎಂಬ ಬೇರೊಂದು ಭಾಷೆಯ ಚೇತನವನ್ನೂ ಇಟ್ಟು ಆರ್ ಭಾಷೆಯನ್ನು ನಿರ್ಮಿಸಿದರು, 1995ರಲ್ಲಿ ಅದನ್ನು ಸ್ವತಂತ್ರ ತಂತ್ರಾಂಶವಾಗಿ ಲೋಕಕ್ಕೆ ಬಿಟ್ಟುಕೊಟ್ಟರು, ಅದರ 1.0.0 ಆವೃತ್ತಿಯು 2000ದ ಫೆಬ್ರವರಿ 29ರಂದು ಹೊರಬಂದಿತು. ಸ್ಕೀಮ್ ಭಾಷೆಯು ಲಿಸ್ಪ್ ಕುಲಕ್ಕೆ ಸೇರಿದುದು. ಜಾನ್ ಮೆಕಾರ್ಥಿಯವರು 1960ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ನಿರೂಪಿತವಾದ ಆ ಲಿಸ್ಪ್ ಭಾಷೆಯ ಮೂಲತತ್ತ್ವವೇನೆಂದರೆ, ಯಂತ್ರವು ಲೆಕ್ಕ ಹಾಕಬೇಕಾದ ಉಕ್ತಿಯೂ ಯಂತ್ರವು ಕೈಯಲ್ಲಿ ಹಿಡಿದ ದತ್ತಾಂಶವೂ ಒಂದೇ ದ್ರವ್ಯದಿಂದ ಆದವು. ಆದಕಾರಣ ಒಂದು ಪ್ರೋಗ್ರಾಂ ಮತ್ತೊಂದು ಪ್ರೋಗ್ರಾಂ ಅನ್ನು ಓದಬಹುದು, ತಿದ್ದಬಹುದು, ಹೊಸದಾಗಿ ಬರೆಯಲೂಬಹುದು. ನಮ್ಮ ವಿದ್ಯಾರ್ಥಿಗಳು ಸರಾಸರಿ ಕಂಡುಹಿಡಿಯಲು ಉಪಯೋಗಿಸುವ ಆರ್ ಭಾಷೆಯ ಅಂತರಂಗದಲ್ಲಿ ಈ ತತ್ತ್ವವು ಇಂದಿಗೂ ಹರಿಯುತ್ತಿದೆ ಎಂಬುದನ್ನು ಅವರಿಗೆ ಹೇಳುವವರಿಲ್ಲ.

ಈ ಭಾಷೆಗೆ ಸೇರ್ಪಡೆಯಾಗಿ ಬಂದಿರುವ ಸಾವಿರಾರು ಪ್ಯಾಕೇಜುಗಳಲ್ಲಿ ಡೇಟಾ.ಟೇಬಲ್ ಎಂಬುದು ಅಗ್ರಪಂಕ್ತಿಗೆ ಸಲ್ಲತಕ್ಕದ್ದು. ಹಣಕಾಸಿನ ಸಂಸ್ಥೆಗಳಲ್ಲಿ ದುಡಿದ ಮ್ಯಾಟ್ ಡೌಲ್ ಎಂಬವರು ಇದನ್ನು 2006ರಲ್ಲಿ ಪ್ರಕಟಿಸಿದರು. ಮುಂದೆ ಅರುಣ್ ಶ್ರೀನಿವಾಸನ್ ಮೊದಲಾದವರು ಅವರ ಜೊತೆಗೂಡಿದರು. ಇದರ ಸೊಬಗಿರುವುದು ಮಿತಭಾಷಿತ್ವದಲ್ಲಿ. ಕೋಷ್ಟಕದ ಹೆಸರಿನ ಮುಂದೆ ಒಂದು ಚೌಕಾವರಣವನ್ನು ತೆರೆದು, ಅದರೊಳಗೆ ಮೂರು ಸ್ಥಾನಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿ, ಮೊದಲನೆಯದರಲ್ಲಿ ಯಾವ ಅಡ್ಡಸಾಲುಗಳು ಬೇಕೆಂಬುದನ್ನೂ ಎರಡನೆಯದರಲ್ಲಿ ಅವುಗಳಿಂದ ಏನನ್ನು ಲೆಕ್ಕಹಾಕಬೇಕೆಂಬುದನ್ನೂ ಮೂರನೆಯದರಲ್ಲಿ ಯಾವುದರ ಪ್ರಕಾರ ಗುಂಪು ಮಾಡಬೇಕೆಂಬುದನ್ನೂ ಹೇಳಿದರೆ ಪ್ರಶ್ನೆ ಪೂರ್ಣವಾಯಿತು. ಈ ಪ್ಯಾಕೇಜಿನ ಪರಿಚಯಪಾಠದಲ್ಲಿ ಬಳಸಿರುವುದು 2014ರ ಜನವರಿಯಿಂದ ಅಕ್ಟೋಬರ್‌ವರೆಗೆ ನ್ಯೂಯಾರ್ಕಿನ ಮೂರು ವಿಮಾನನಿಲ್ದಾಣಗಳಿಂದ ಹೊರಟ ವಿಮಾನಗಳ ಕೋಷ್ಟಕ. ಅದರಲ್ಲಿ 2,53,316 ಅಡ್ಡಸಾಲುಗಳೂ 11 ಕಂಬಸಾಲುಗಳೂ ಇವೆ. ಜೆಎಫ್‌ಕೆ ನಿಲ್ದಾಣದಿಂದ ಜೂನ್ ತಿಂಗಳಲ್ಲಿ ಎಷ್ಟು ವಿಮಾನಗಳು ಹೊರಟವು ಎಂದು ಕೇಳಿದರೆ 8,422 ಎಂಬ ಉತ್ತರವೂ, ಅವು ಹೊರಡುವುದರಲ್ಲಿ ಸರಾಸರಿ ಎಷ್ಟು ತಡವಾಯಿತೆಂದು ಕೇಳಿದರೆ ಸುಮಾರು 9.81 ನಿಮಿಷ, ತಲುಪುವುದರಲ್ಲಿ ಸುಮಾರು 5.84 ನಿಮಿಷ ಎಂಬ ಉತ್ತರವೂ ಒಂದೊಂದೇ ಸಾಲಿನ ಪ್ರಶ್ನೆಯಿಂದ ದೊರೆಯುತ್ತವೆ.

ಆ ಒಂದು ಸಾಲಿನಲ್ಲಿ ಗಮನಿಸಬೇಕಾದ ವಿಶೇಷವೊಂದಿದೆ. ಆರಿಜಿನ್ (ಹೊರಟ ನಿಲ್ದಾಣ), ಮಂತ್ (ತಿಂಗಳು), ಆರ್_ಡಿಲೇ (ತಲುಪುವ ತಡ) ಎಂಬ ಕಂಬಸಾಲಿನ ಹೆಸರುಗಳನ್ನು ಉದ್ಧರಣಚಿಹ್ನೆಗಳಿಲ್ಲದೆ, ಅವು ತಾವೇ ಸ್ವತಂತ್ರ ಚರಗಳೋ ಎಂಬಂತೆ, ಬರಿದಾಗಿ ಬರೆದುಬಿಡುತ್ತೇವೆ. ಹೊರಗಿನ ಪರಿಸರದಲ್ಲಿ ಅಂಥ ಹೆಸರಿನ ಯಾವ ವಸ್ತುವೂ ಇಲ್ಲದಿದ್ದರೂ ಯಂತ್ರವು ಆಕ್ಷೇಪಿಸುವುದಿಲ್ಲ. ಇದಕ್ಕೆ ಕಾರಣವೇನೆಂದರೆ, ಆರ್ ಭಾಷೆಯು ಒಂದು ಫಂಕ್ಷನ್ನಿಗೆ ಕೊಟ್ಟ ಪದವನ್ನು ಕೊಟ್ಟ ಕೂಡಲೇ ಲೆಕ್ಕಹಾಕದೆ, ಬೇಕಾದಾಗ ಲೆಕ್ಕಹಾಕುವೆನೆಂಬ ವಾಗ್ದಾನವಾಗಿ ಕಟ್ಟಿಡುತ್ತದೆ. ಒಳಗಿರುವ ಫಂಕ್ಷನ್, ಸಬ್‌ಸ್ಟಿಟ್ಯೂಟ್ ಎಂಬ ಸಾಧನದ ಮೂಲಕ ಆ ವಾಗ್ದಾನದ ಗಂಟನ್ನು ಬಿಚ್ಚಿ, ಲೆಕ್ಕಹಾಕುವುದಕ್ಕೆ ಮುಂಚೆಯೇ ಉಕ್ತಿಯ ಸ್ವರೂಪವನ್ನು ನೋಡಬಲ್ಲದು. ಡೇಟಾ.ಟೇಬಲ್ ಹೀಗೆ ನೋಡಿದ ಮೇಲೆ ಆ ಹೆಸರುಗಳನ್ನು ಮೊದಲು ಕೋಷ್ಟಕದೊಳಗೆ ಹುಡುಕುತ್ತದೆ, ಅಲ್ಲಿ ಸಿಗದಿದ್ದರೆ ಮಾತ್ರ ಹೊರಗೆ ಹುಡುಕುತ್ತದೆ. ಅಷ್ಟಕ್ಕೇ ನಿಲ್ಲದೆ, ಎರಡನೆಯ ಸ್ಥಾನದಲ್ಲಿ ಸರಾಸರಿ, ಮೊತ್ತ ಮುಂತಾದ ಪರಿಚಿತ ಫಂಕ್ಷನ್‌ಗಳು ನೇರವಾಗಿ ಕಂಡುಬಂದರೆ, ಅವುಗಳಿಗೆ ಬದಲಾಗಿ ಗುಂಪುಗಳ ಮೇಲೆ ಅತಿವೇಗವಾಗಿ ಓಡುವ ತನ್ನ ಸ್ವಂತ ಒಳಫಂಕ್ಷನ್‌ಗಳನ್ನು ಹಾಕಿಕೊಳ್ಳುತ್ತದೆ. ಪ್ರಶ್ನೆಯ ಆಕಾರವನ್ನು ಮೊದಲೇ ಕಾಣಬಲ್ಲವನಿಗೆ ಮಾತ್ರ ಸಾಧ್ಯವಾಗುವ ಜಾಣ್ಮೆ ಇದು.

ಬರೆಯುವಾತನಿಗೆ ತನ್ನ ಪ್ರಶ್ನೆ ಏನೆಂಬುದು ಮುಂಚಿತವಾಗಿ ಗೊತ್ತಿರುವಷ್ಟು ಕಾಲ ಇದೆಲ್ಲವೂ ಸುಖಮಯವಾಗಿರುತ್ತದೆ. ಆದರೆ ಕೆಲಸದ ಲೋಕದಲ್ಲಿ ಪ್ರಶ್ನೆಯು ಬರೆಯುವ ಹೊತ್ತಿಗೆ ಪೂರ್ತಿಯಾಗಿ ಗೊತ್ತಿರುವುದೇ ಅಪರೂಪ. ಈ ತಿಂಗಳ ವರದಿಗೆ ಒಂದು ಕಂಬಸಾಲು ಬೇಕು, ಮುಂದಿನ ತಿಂಗಳದಕ್ಕೆ ಮತ್ತೊಂದು. ಒಬ್ಬರಿಗೆ ಸರಾಸರಿ ಬೇಕು, ಇನ್ನೊಬ್ಬರಿಗೆ ಮಧ್ಯಾಂಕ. ಪರದೆಯ ಮುಂದೆ ಕುಳಿತವರು ಒಂದು ಷರತ್ತನ್ನು ಆರಿಸಬಹುದು, ಐದನ್ನು ಆರಿಸಬಹುದು, ಯಾವುದನ್ನೂ ಆರಿಸದೆಯೂ ಇರಬಹುದು. ಹೀಗಿರುವಲ್ಲಿ ಪ್ರಶ್ನೆಯ ಕೆಲವು ಭಾಗಗಳನ್ನು ತೆರವಾಗಿಟ್ಟು, ಅವುಗಳನ್ನು ಓಡುವ ಕಾಲಕ್ಕೆ ತುಂಬಬೇಕಾಗುತ್ತದೆ. ಬರಿದಾಗಿ ಬರೆದ ಹೆಸರಿನ ಸೌಲಭ್ಯವು ಈ ಹಂತದಲ್ಲಿ ಅಪಾಯವಾಗಿ ತಿರುಗುತ್ತದೆ.

ಅದರ ನಿದರ್ಶನವನ್ನು ಸಮೀಪದಿಂದ ನೋಡೋಣ. ಮೇಲಿನ ವಿಮಾನಗಳ ಕೋಷ್ಟಕದಿಂದ, ಕೇಳಿದ ತಿಂಗಳ ಸಾಲುಗಳನ್ನು ಮಾತ್ರ ಕೊಡುವ ಫಂಕ್ಷನ್ ಒಂದನ್ನು ವಿದ್ಯಾರ್ಥಿಯು ಬರೆಯುತ್ತಾನೆಂದು ಇಟ್ಟುಕೊಳ್ಳಿ. ಸಹಜವಾಗಿಯೇ ಅವನು ಫಂಕ್ಷನ್ನಿನ ಆರ್ಗ್ಯುಮೆಂಟಿಗೆ ಮಂತ್ ಎಂದು ಹೆಸರಿಟ್ಟು, ಚೌಕಾವರಣದ ಮೊದಲ ಸ್ಥಾನದಲ್ಲಿ ಮಂತ್ ಎಂಬುದು ಮಂತ್‌ಗೆ ಸಮ ಎಂಬ ಷರತ್ತನ್ನು ಬರೆಯುತ್ತಾನೆ. ಎಡಗಡೆಯದು ಕೋಷ್ಟಕದ ಕಂಬಸಾಲೆಂದೂ ಬಲಗಡೆಯದು ತಾನು ಕೊಟ್ಟ 6 ಎಂಬ ಸಂಖ್ಯೆಯೆಂದೂ ಅವನ ಭಾವನೆ. ಯಂತ್ರವಾದರೋ ಎರಡೂ ಹೆಸರುಗಳನ್ನು ಮೊದಲು ಕೋಷ್ಟಕದಲ್ಲೇ ಹುಡುಕಿ, ಎರಡನ್ನೂ ಅಲ್ಲೇ ಕಂಡು, ಕಂಬಸಾಲು ತನಗೆ ತಾನು ಸಮವಾಗಿದೆಯೇ ಎಂದು ಪ್ರತಿಯೊಂದು ಸಾಲಿನಲ್ಲಿಯೂ ಪರೀಕ್ಷಿಸಿ, ಎಲ್ಲೆಲ್ಲಿಯೂ ಸಮವಾಗಿರುವುದರಿಂದ ಇಡಿಯ 2,53,316 ಸಾಲುಗಳನ್ನೂ ಹಿಂದಿರುಗಿಸುತ್ತದೆ. ದೋಷದ ಸೂಚನೆಯಿಲ್ಲ, ಎಚ್ಚರಿಕೆಯ ಮಾತಿಲ್ಲ. ಜೂನ್ ತಿಂಗಳದೆಂದು ಅಚ್ಚಾಗುವ ಸರಾಸರಿಯು ನಿಜವಾಗಿ ಹತ್ತು ತಿಂಗಳ ಸರಾಸರಿ. ಯಂತ್ರವು ಕೆಟ್ಟು ನಿಂತರೆ ತಿದ್ದುವವರು ದೊರೆಯುತ್ತಾರೆ. ಶಾಂತವಾಗಿ ಬಂದ ತಪ್ಪು ಉತ್ತರಕ್ಕೆ ಯಾರೂ ಕಾವಲಿಲ್ಲ. ಇಂಥ ಉತ್ತರವು ವರದಿಯಾಗಿ, ವರದಿಯು ನಿರ್ಣಯವಾಗಿ, ನಿರ್ಣಯವು ಜನರ ಬಾಳಿನ ಮೇಲೆ ಪರಿಣಾಮ ಬೀರುವ ಕಾಲದಲ್ಲಿ ಇದನ್ನು ತಾಂತ್ರಿಕ ಸೂಕ್ಷ್ಮವೆಂದು ತಳ್ಳಿಹಾಕುವುದು ನನಗೆ ಸಮ್ಮತವಲ್ಲ.

ಈ ಇಕ್ಕಟ್ಟಿನಿಂದ ಪಾರಾಗುವುದಕ್ಕೆ ಬಹುಮಂದಿ ಹಿಡಿಯುವ ಹಾದಿಯು ಪೇಸ್ಟ್ ಮತ್ತು ಪಾರ್ಸ್‌ಗಳದು. ಪ್ರಶ್ನೆಯ ತುಣುಕುಗಳನ್ನು ಅಕ್ಷರಗಳ ಸರಣಿಯಾಗಿ ಬರೆದು, ನಡುನಡುವೆ ಬೇಕಾದ ಹೆಸರುಗಳನ್ನು ಅಂಟಿಸಿ, ಹೀಗೆ ಸಿದ್ಧವಾದ ವಾಕ್ಯವನ್ನು ಪಾರ್ಸ್ ಎಂಬ ಫಂಕ್ಷನ್ನಿಗೆ ಕೊಟ್ಟು, ಅದು ಮಾಡಿಕೊಟ್ಟ ಉಕ್ತಿಯನ್ನು ಇವ್ಯಾಲ್ ಎಂಬ ಫಂಕ್ಷನ್ನಿನಿಂದ ಲೆಕ್ಕಹಾಕಿಸುವುದು ಈ ಮಾರ್ಗದ ಕ್ರಮ. ಮೊದಲ ನೋಟಕ್ಕೆ ಇದು ಸುಲಭವಾಗಿ ಕಾಣುತ್ತದೆ, ಏಕೆಂದರೆ ಮನುಷ್ಯನು ಟೈಪು ಮಾಡುವುದನ್ನೇ ಪ್ರೋಗ್ರಾಂ ಮಾಡಿದಂತೆ ಆಯಿತಷ್ಟೆ. ಆದರೆ ಒಟ್ಟು ಮಳೆ ಎಂಬಂತೆ ಎರಡು ಪದಗಳುಳ್ಳ ತಲೆಬರಹವೊಂದು ಬಂದಿತೆಂದರೆ ನಡುವಿನ ತೆರಪನ್ನು ಕಂಡು ಪಾರ್ಸ್ ಮುಗ್ಗರಿಸುತ್ತದೆ. ತಲೆಬರಹದಲ್ಲಿ ಆಯ-ವ್ಯಯ ಎಂಬುದರಲ್ಲಿರುವಂತೆ ಅಡ್ಡಗೆರೆಯಿದ್ದರೆ ಅದು ವ್ಯವಕಲನದ ಚಿಹ್ನೆಯಾಗಿಬಿಡುತ್ತದೆ. ಆ ಎರಡು ಭಾಗಗಳ ಹೆಸರಿನಲ್ಲಿ ಬೇರೆ ಬೇರೆ ಕಂಬಸಾಲುಗಳೂ ಅದೇ ಕೋಷ್ಟಕದಲ್ಲಿದ್ದರಂತೂ ಒಂದರಿಂದ ಇನ್ನೊಂದನ್ನು ಕಳೆದು, ಕೇಳದ ಪ್ರಶ್ನೆಗೆ ಉತ್ತರವನ್ನು ಕೊಡುತ್ತದೆ.

ಷರತ್ತುಗಳನ್ನು ಅಂಟಿಸುವಾಗಿನ ಅನಾಹುತವು ಇನ್ನೂ ಗೂಢವಾದುದು. ಜೆಎಫ್‌ಕೆ ಅಥವಾ ಲಗಾರ್ಡಿಯಾ ನಿಲ್ದಾಣ ಎಂಬುದು ಒಂದು ತುಣುಕು; ತಿಂಗಳು ಜೂನ್ ಎಂಬುದು ಇನ್ನೊಂದು ತುಣುಕು. ಇವೆರಡನ್ನೂ ಮತ್ತು ಎಂಬರ್ಥದ ಚಿಹ್ನೆಯಿಂದ ಅಂಟಿಸಿದರೆ, ಅಥವಾ ಎಂಬುದಕ್ಕಿಂತ ಮತ್ತು ಎಂಬುದು ಬಿಗಿಯಾಗಿ ಹಿಡಿಯುವುದೆಂಬ ನಿಯಮದಂತೆ, ಜೂನ್ ಎಂಬ ಷರತ್ತು ಲಗಾರ್ಡಿಯಾಕ್ಕೆ ಮಾತ್ರ ತಗುಲಿಕೊಂಡು, ಜೆಎಫ್‌ಕೆಯ ಹತ್ತು ತಿಂಗಳ 81,483 ವಿಮಾನಗಳೂ ಉತ್ತರದೊಳಕ್ಕೆ ನುಗ್ಗುತ್ತವೆ. ಆವರಣಚಿಹ್ನೆಗಳನ್ನು ಹಾಕಿದ್ದರೆ ಹೀಗಾಗುತ್ತಿರಲಿಲ್ಲವೆಂದು ಹೇಳಬಹುದು, ನಿಜ. ಆದರೆ ಅರ್ಥದಲ್ಲಿ ಒಂದಾಗಿದ್ದುದನ್ನು ಅಕ್ಷರಗಳಾಗಿ ಒಡೆದು, ಒಡೆದುದನ್ನು ಆವರಣಚಿಹ್ನೆಗಳಿಂದ ಮತ್ತೆ ಕಾಯಬೇಕಾಗಿ ಬಂದ ಹಾದಿಯೇ ಸರಿಯಾದುದಲ್ಲವೆಂದು ನನ್ನ ವಾದ. ಇನ್ನು, ಹೊರಗಿನವರು ಪರದೆಯ ಮೇಲೆ ಟೈಪು ಮಾಡಿದುದನ್ನು ಹಾಗೆಯೇ ಅಂಟಿಸಿ ಇವ್ಯಾಲ್‌ಗೆ ಕೊಟ್ಟರೆ, ಕಂಬಸಾಲಿನ ಹೆಸರಿನ ಜಾಗದಲ್ಲಿ ಕಡತಗಳನ್ನು ಅಳಿಸುವ ಆಜ್ಞೆಯನ್ನೇ ಬರೆದು ಕಳಿಸುವ ದುರುಳನಿಗೆ ಮನೆಯ ಬೀಗವನ್ನು ನಾವೇ ತೆಗೆದುಕೊಟ್ಟಂತಾಗುತ್ತದೆ. ಆರ್ ಭಾಷೆಯ ಮೂಲತಂಡದಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ಥಾಮಸ್ ಲಮ್ಲಿಯವರು, ಉತ್ತರವು ಪಾರ್ಸ್ ಎಂದಾದರೆ ಸಾಮಾನ್ಯವಾಗಿ ಪ್ರಶ್ನೆಯನ್ನೇ ಪುನಃ ಆಲೋಚಿಸಬೇಕೆಂಬ ಅಭಿಪ್ರಾಯವನ್ನು 2005ರಲ್ಲೇ ಹೇಳಿದ್ದರು. ಅದು ಆರ್ ಬಳಸುವವರ ವಲಯದಲ್ಲಿ ಹೆಸರಾದ ಮಾತು. ಆದರೂ ಅಂಟಿಸುವ ಅಭ್ಯಾಸವು ಅಳಿದಿಲ್ಲ.

ಹಾಗಾದರೆ ಸರಿಯಾದ ಹಾದಿ ಯಾವುದು? ಉಕ್ತಿಯನ್ನು ಅಕ್ಷರಗಳ ಸಾಲೆಂದು ಭಾವಿಸದೆ, ಅಂಗಾಂಗಗಳುಳ್ಳ ಒಂದು ರಚನೆಯೆಂದು ಕಾಣುವುದು. ಆರ್ ಭಾಷೆಯಲ್ಲಿ ಕ್ವೋಟ್ ಎಂಬ ಫಂಕ್ಷನ್ನಿನೊಳಗೆ ಮೀನ್ ಆಫ್ ಆರ್_ಡಿಲೇ ಎಂಬುದನ್ನಿಟ್ಟರೆ, ಅದು ಸರಾಸರಿಯನ್ನು ಲೆಕ್ಕಹಾಕುವುದಿಲ್ಲ. ಲೆಕ್ಕಹಾಕಬೇಕಾದ ಉಕ್ತಿಯನ್ನೇ ನಮ್ಮ ಕೈಗೆ ಕೊಡುತ್ತದೆ. ಅದರ ಉದ್ದ ಎಷ್ಟೆಂದು ಕೇಳಿದರೆ 2 ಎನ್ನುತ್ತದೆ: ಮೊದಲನೆಯ ಅಂಗ ಮೀನ್ ಎಂಬ ಹೆಸರು, ಎರಡನೆಯ ಅಂಗ ಆರ್_ಡಿಲೇ ಎಂಬ ಹೆಸರು. ಎರಡನೆಯ ಅಂಗವನ್ನು ತೆಗೆದು ಡೆಪ್_ಡಿಲೇ ಎಂಬ ಹೆಸರನ್ನಿಟ್ಟರೆ ತಲುಪುವ ತಡದ ಪ್ರಶ್ನೆಯು ಹೊರಡುವ ತಡದ ಪ್ರಶ್ನೆಯಾಗುತ್ತದೆ. ಮೊದಲನೆಯ ಅಂಗವನ್ನು ತೆಗೆದು ಮೀಡಿಯನ್ ಎಂದಿಟ್ಟರೆ ಸರಾಸರಿಯ ಪ್ರಶ್ನೆಯು ಮಧ್ಯಾಂಕದ ಪ್ರಶ್ನೆಯಾಗುತ್ತದೆ. ಕಂಬಸಾಲಿನ ಹೆಸರು ಅಕ್ಷರಸರಣಿಯಾಗಿ ಬಂದಿದ್ದರೆ ಅದನ್ನು ಆಸ್.ನೇಮ್ ಎಂಬ ಫಂಕ್ಷನ್ ಹೆಸರಾಗಿ ಪರಿವರ್ತಿಸುತ್ತದೆ. ಅದರಲ್ಲಿ ತೆರಪಿರಲಿ, ಅಡ್ಡಗೆರೆಯಿರಲಿ, ಇಡಿಯದು ಒಂದೇ ಹೆಸರು. ಷರತ್ತುಗಳು ಎಷ್ಟೇ ಇರಲಿ, ಅವುಗಳನ್ನು ಒಂದು ಪಟ್ಟಿಯಾಗಿ ಇಟ್ಟುಕೊಂಡು, ರೆಡ್ಯೂಸ್ ಮತ್ತು ಕಾಲ್ ಎಂಬ ಫಂಕ್ಷನ್‌ಗಳಿಂದ ಎರಡೆರಡಾಗಿ ಮತ್ತು ಚಿಹ್ನೆಯ ಕೆಳಗೆ ಕೂಡಿಸುತ್ತ ಹೋದರೆ, ಶಾಖೋಪಶಾಖೆಯಾಗಿ ಕವಲೊಡೆದ ಒಂದೇ ಉಕ್ತಿ ಸಿದ್ಧವಾಗುತ್ತದೆ. ಅಲ್ಲಿ ನಿಲ್ದಾಣದ ಷರತ್ತು ತನ್ನ ಕೊಂಬೆಯಲ್ಲಿ ಅಖಂಡವಾಗಿಯೂ ತಿಂಗಳ ಷರತ್ತು ತನ್ನ ಕೊಂಬೆಯಲ್ಲಿ ಅಖಂಡವಾಗಿಯೂ ಇರುವುದರಿಂದ ಒಂದರ ಪದವು ಇನ್ನೊಂದಕ್ಕೆ ತಗುಲಿಕೊಳ್ಳುವ ಸಂಭವವೇ ಇಲ್ಲ.

ಒಂದು ಪದವು ಯಾವಾಗ ತನ್ನ ಅರ್ಥವನ್ನು ಹೇಳುತ್ತದೆ, ಯಾವಾಗ ತನ್ನನ್ನೇ ಹೇಳಿಕೊಳ್ಳುತ್ತದೆ ಎಂಬ ವಿವೇಕವೇ ಈ ವಿದ್ಯೆಯ ಜೀವಾಳ. ಮತ್ತು ಈ ವಿವೇಕವು ನಮ್ಮ ವಿದ್ಯಾಪರಂಪರೆಗೆ ಹೊಸತಲ್ಲ. ಪಾಣಿನಿ ಮಹರ್ಷಿಯು ಅಷ್ಟಾಧ್ಯಾಯಿಯ ಪ್ರಥಮಾಧ್ಯಾಯದ ಪ್ರಥಮಪಾದದ 68ನೆಯ ಸೂತ್ರದಲ್ಲಿ, ವ್ಯಾಕರಣದ ಪಾರಿಭಾಷಿಕ ಸಂಜ್ಞೆಗಳನ್ನು ಬಿಟ್ಟು ಉಳಿದ ಪದಗಳು ಈ ಶಾಸ್ತ್ರದಲ್ಲಿ ತಮ್ಮ ಸ್ವರೂಪವನ್ನೇ ಸೂಚಿಸತಕ್ಕವೆಂದು ವಿಧಿಸಿದ್ದಾನೆ. ಅಗ್ನಿಗೆ ಪ್ರತ್ಯಯವು ಸೇರಿ ಆಗ್ನೇಯ ಎಂದಾಗುತ್ತದೆ ಎಂದು ಶಾಸ್ತ್ರವು ಹೇಳಿದರೆ, ಪ್ರತ್ಯಯವು ಸೇರುವುದು ಅಗ್ನಿ ಎಂಬ ಶಬ್ದಕ್ಕೆ. ಉರಿಯುವ ಕೆಂಡಕ್ಕೆ ಅದು ಸೇರಲಾರದು. ವ್ಯಾಖ್ಯಾನಕಾರರು ಇದನ್ನು ಶತಮಾನಗಳ ಕಾಲ ಶಿಷ್ಯರಿಗೆ ಪಾಠ ಹೇಳಿದ್ದಾರೆ. ಮಂತ್ ಎಂಬ ಹೆಸರು ಕೋಷ್ಟಕದ ಕಂಬಸಾಲಿನ ಬೆಲೆಯನ್ನು ಸೂಚಿಸುತ್ತದೆಯೋ, ಹೊರಗಿನಿಂದ ಬಂದ 6 ಎಂಬ ಬೆಲೆಯನ್ನು ಸೂಚಿಸುತ್ತದೆಯೋ, ಅಥವಾ ಮಂತ್ ಎಂಬ ಹೆಸರಾಗಿಯೇ ನಿಂತಿದೆಯೋ ಎಂದು ಕೇಳಿಕೊಳ್ಳಬೇಕಾದ ಇಂದಿನ ವಿದ್ಯಾರ್ಥಿಗೆ ಆ ಪಾಠವು ಎಷ್ಟು ಸಮೀಪದ್ದೆಂಬುದನ್ನು ನೆನೆದಾಗ ನನಗೆ ಸಂತೋಷವಾಗುತ್ತದೆ. ವ್ಯಾಕರಣವನ್ನೂ ಗಣಕವನ್ನೂ ಒಟ್ಟಿಗೆ ಓದಿದ ಅಧ್ಯಾಪಕರು ನಮ್ಮಲ್ಲಿ ಇದ್ದಾರೆ; ಅವರು ಈ ಸೇತುವೆಯನ್ನು ವಿದ್ಯಾರ್ಥಿಗಳಿಗೆ ತೋರಿಸಿಕೊಡಬೇಕೆಂದು ನನ್ನ ಬಯಕೆ.

ಡೇಟಾ.ಟೇಬಲ್ಲಿನ ಕರ್ತೃಗಳು ಈ ಅಗತ್ಯವನ್ನು ಮನಗಂಡು, 2024ರ ಜನವರಿಯಲ್ಲಿ ಹೊರಬಂದ 1.15.0 ಆವೃತ್ತಿಯಲ್ಲಿ ಎನ್ವ್ ಎಂಬ ಹೊಸ ಸೌಕರ್ಯವನ್ನು ಕಲ್ಪಿಸಿದರು. ಇದರ ಮುಖ್ಯ ಕರ್ತೃ ಯಾನ್ ಗೊರೆಕಿ. ಚೌಕಾವರಣದೊಳಗೆ ಪ್ರಶ್ನೆಯನ್ನು ಎಂದಿನಂತೆಯೇ ಬರೆದು, ತೆರವಾಗಿರಬೇಕಾದ ಕಡೆ ತಾತ್ಕಾಲಿಕವಾದ ಹೆಸರುಗಳನ್ನಿಟ್ಟು, ಯಾವ ತಾತ್ಕಾಲಿಕ ಹೆಸರಿನ ಜಾಗಕ್ಕೆ ಏನು ಬರಬೇಕೆಂಬುದನ್ನು ಎನ್ವ್ ಎಂಬ ಪಟ್ಟಿಯಲ್ಲಿ ಪ್ರತ್ಯೇಕವಾಗಿ ತಿಳಿಸಿದರೆ, ಪ್ಯಾಕೇಜು ತಾನೇ ಆದೇಶವನ್ನು, ಎಂದರೆ ಒಂದರ ಸ್ಥಾನದಲ್ಲಿ ಇನ್ನೊಂದನ್ನಿಡುವ ಕೆಲಸವನ್ನು, ನೆರವೇರಿಸಿ, ಆಮೇಲೆ ಲೆಕ್ಕಕ್ಕೆ ತೊಡಗುತ್ತದೆ. ಪ್ರಶ್ನೆಯ ಒಡಲು ಓದುವವನ ಕಣ್ಣೆದುರಿಗೆ ಪೂರ್ಣವಾಗಿರುತ್ತದೆ. ಯಾವುದು ಸ್ಥಿರ, ಯಾವುದು ಚರ ಎಂಬುದೂ ಸ್ಪಷ್ಟವಾಗಿರುತ್ತದೆ. ಪಟ್ಟಿಯಲ್ಲಿ ಕೊಟ್ಟ ಅಕ್ಷರಸರಣಿಯನ್ನು ಅದು ಹೆಸರೆಂದೇ ಗ್ರಹಿಸುತ್ತದೆ. ಜೆಎಫ್‌ಕೆ ಎಂಬಂತೆ ನಿಜವಾಗಿಯೂ ಅಕ್ಷರಸರಣಿಯಾಗಿಯೇ ಉಳಿಯಬೇಕಾದುದನ್ನು ಐ ಎಂಬ ಫಂಕ್ಷನ್ನಿನೊಳಗೆ ಸುತ್ತಿ ಕೊಡಬೇಕು. ಇದು ಆರಂಭದಲ್ಲಿ ತೊಡಕೆನಿಸಿದರೂ, ಹೆಸರಿಗೂ ಬೆಲೆಗೂ ಇರುವ ಭೇದವನ್ನು ಬರೆಯುವಾತನು ಪ್ರತಿಸಲವೂ ಎಚ್ಚರದಿಂದ ನಿರ್ಣಯಿಸುವಂತೆ ಮಾಡುತ್ತದೆ. ಮಂತ್ ಮಂತ್‌ಗೆ ಸಮ ಎಂಬ ಅನರ್ಥವು ಇಲ್ಲಿ ತಾನಾಗಿ ತಪ್ಪುತ್ತದೆ. ಕೋಷ್ಟಕದಲ್ಲಿ ಇಲ್ಲದ ಒಂದು ತಾತ್ಕಾಲಿಕ ಹೆಸರನ್ನು ಬಲಗಡೆ ಬರೆದು, ಎನ್ವ್ ಪಟ್ಟಿಯಲ್ಲಿ ಅದಕ್ಕೆ 6 ಎಂಬ ಬೆಲೆಯನ್ನು ಕೊಟ್ಟರಾಯಿತು. ದುರುಳನು ಕಂಬಸಾಲಿನ ಹೆಸರಿನ ಜಾಗದಲ್ಲಿ ಅಂಥ ಆಜ್ಞೆಯನ್ನು ಬರೆದು ಕಳಿಸಿದರೂ, ಅದು ಕೋಷ್ಟಕದಲ್ಲಾಗಲಿ ಹೊರಗಾಗಲಿ ಇಲ್ಲದ ಬರಿಯ ಹೆಸರಾಗಿ, ದೋಷಸೂಚನೆಯೊಡನೆ ಅಲ್ಲೇ ನಿಂತುಹೋಗುತ್ತದೆ. ಫಂಕ್ಷನ್ನಿನ ಹೆಸರನ್ನೇ ಹೊರಗಿನವರಿಂದ ಪಡೆಯುವುದಾದರೆ ಮಾತ್ರ ಈ ರಕ್ಷೆ ಸಾಲದು. ಯಾವ ಯಾವ ಫಂಕ್ಷನ್‌ಗಳಿಗೆ ಅನುಮತಿಯಿದೆಯೆಂಬ ಪಟ್ಟಿಯನ್ನು ಬರೆಯುವಾತನು ಮೊದಲೇ ಮಾಡಿಟ್ಟು, ಬಂದ ಹೆಸರನ್ನು ಅದರೊಡನೆ ತಾಳೆನೋಡಲೇಬೇಕು.

ಇಷ್ಟೆಲ್ಲ ಶ್ರಮವೇಕೆ, ಗೆಟ್ ಎಂಬ ಫಂಕ್ಷನ್ನಿಗೆ ಕಂಬಸಾಲಿನ ಹೆಸರನ್ನು ಕೊಟ್ಟರೆ ಸಾಲದೇ ಎಂದು ಅನುಭವಿಗಳು ಕೇಳುವುದುಂಟು. ಸಣ್ಣ ಕೋಷ್ಟಕಗಳಲ್ಲಿ ಸಾಲುತ್ತದೆ. ಆದರೆ ಗೆಟ್ ಎಂಬುದು ಒಳಗೆ ಕಂಡೊಡನೆ, ಯಾವ ಕಂಬಸಾಲುಗಳು ಬಳಕೆಯಾಗುವುವೆಂಬುದನ್ನು ಮೊದಲೇ ಅರಿಯಲಾರದೆ, ಡೇಟಾ.ಟೇಬಲ್ ಎಲ್ಲ ಕಂಬಸಾಲುಗಳನ್ನೂ ಸಿದ್ಧಪಡಿಸಿಕೊಳ್ಳಬೇಕಾಗುತ್ತದೆ. ಮೇಲೆ ಹೇಳಿದ ವೇಗದ ಜಾಣ್ಮೆಯೂ ಸಾಧಾರಣವಾಗಿ ಕೈಬಿಟ್ಟುಹೋಗುತ್ತದೆ. ಕೋಷ್ಟಕವು ದೊಡ್ಡದಾಗಿರುವಲ್ಲಿಯೇ ಈ ಪ್ಯಾಕೇಜಿನ ಅವಶ್ಯಕತೆ. ಆದುದರಿಂದ ದೊಡ್ಡ ಕೋಷ್ಟಕಕ್ಕೆ ಒಗ್ಗದ ಉಪಾಯವನ್ನು ರೂಢಿ ಮಾಡಿಕೊಳ್ಳುವುದು ವಿವೇಕವಲ್ಲ. ಎನ್ವ್ ಆದರೋ ಆದೇಶವನ್ನು ಮೊದಲು ಮುಗಿಸಿ, ನೇರವಾಗಿ ಕೈಯಿಂದ ಬರೆದಂತೆಯೇ ಇರುವ ಉಕ್ತಿಯನ್ನು ಒಳಗೆ ಕೊಡುವುದರಿಂದ ವೇಗಕ್ಕೆ ಭಂಗವಿಲ್ಲ. ಇನ್ನೊಂದು ಆಕ್ಷೇಪವು ಹೆಚ್ಚು ನ್ಯಾಯವಾದುದು: ಬದಲಾಗಬೇಕಾದುದು ಕೇವಲ ಕಂಬಸಾಲಿನ ಹೆಸರಾಗಿದ್ದು, ಮಾಡಬೇಕಾದ ಲೆಕ್ಕ ಎಲ್ಲಕ್ಕೂ ಒಂದೇ ಆಗಿದ್ದರೆ, .ಎಸ್‌ಡಿಕಾಲ್ಸ್ ಎಂಬ ಸ್ಥಾನಕ್ಕೆ ಹೆಸರುಗಳ ಪಟ್ಟಿಯನ್ನು ಕೊಡುವುದೇ ಸರಳವಾದ ಮಾರ್ಗ. ಗುಂಪು ಮಾಡುವ ಸ್ಥಾನವೂ ಹೆಸರುಗಳ ಪಟ್ಟಿಯನ್ನು ನೇರವಾಗಿ ಸ್ವೀಕರಿಸುತ್ತದೆ. ಅಂಥ ಕಡೆ ಉಕ್ತಿಯನ್ನು ಕಟ್ಟುವ ಪ್ರಯಾಸ ಬೇಡವೆಂಬುದನ್ನು ನಾನು ತುಂಬುಮನಸ್ಸಿನಿಂದ ಒಪ್ಪುತ್ತೇನೆ. ಡಿಪ್ಲೈರ್ ಎಂಬ ಇನ್ನೊಂದು ಪ್ರಸಿದ್ಧ ಪ್ಯಾಕೇಜು ಇದೇ ಸಮಸ್ಯೆಗೆ ತನ್ನದೇ ಆದ ಪರಿಹಾರವನ್ನು 2017ರಲ್ಲಿ ರೂಪಿಸಿಕೊಂಡಿತು. ಅದನ್ನು ಮೆಚ್ಚುವವರೊಡನೆ ನನಗೆ ಜಗಳವಿಲ್ಲ, ಏಕೆಂದರೆ ಅಲ್ಲಿಯೂ ತತ್ತ್ವ ಇದೇ.

ಇನ್ನು ನಮ್ಮ ಕಾಲೇಜುಗಳ ಮಾತು. ಪದವಿಯ ಸಂಖ್ಯಾಶಾಸ್ತ್ರದ ಪಾಠದಲ್ಲಿ ಆರ್ ಭಾಷೆಯು ಪ್ರವೇಶಿಸಿರುವುದು ಸಂತೋಷದ ವಿಷಯ; ಅದು ಉಚಿತವಾಗಿ ದೊರೆಯುವುದರಿಂದ ಬಡ ವಿದ್ಯಾರ್ಥಿಯೂ ಸಿರಿವಂತ ಸಂಸ್ಥೆಯ ಸಂಶೋಧಕನೂ ಒಂದೇ ಸಾಧನವನ್ನು ಬಳಸಬಲ್ಲರು. ಆದರೆ ಪ್ರಯೋಗದ ತರಗತಿಗಳಲ್ಲಿ ಸಾಮಾನ್ಯವಾಗಿ ನಡೆಯುವುದೇನೆಂದರೆ, ಸಿದ್ಧವಾದ ಆಜ್ಞೆಯೊಂದನ್ನು ಟೈಪು ಮಾಡಿ, ಬಂದ ಉತ್ತರವನ್ನು ರೆಕಾರ್ಡ್ ಪುಸ್ತಕಕ್ಕೆ ಇಳಿಸಿ, ಅಧ್ಯಾಪಕರ ಸಹಿ ಪಡೆಯುವುದು. ಹತ್ತು ಕಂಬಸಾಲುಗಳ ಸರಾಸರಿ ಬೇಕಾದರೆ ಅದೇ ಆಜ್ಞೆಯನ್ನು ಹತ್ತು ಸಲ ನಕಲು ಮಾಡಿ, ಪ್ರತಿಯೊಂದರಲ್ಲಿಯೂ ಹೆಸರನ್ನು ಕೈಯಿಂದ ತಿದ್ದುತ್ತಾರೆ. ಏಳನೆಯದರಲ್ಲಿ ತಿದ್ದಲು ಮರೆತರೆ ಆರನೆಯ ಉತ್ತರವೇ ಏಳನೆಯ ಹೆಸರಿನಲ್ಲಿ ಮತ್ತೆ ಅಚ್ಚಾಗುತ್ತದೆ. ವಿದ್ಯಾರ್ಥಿಯ ಕೈಯಲ್ಲಿ ಉತ್ತರಗಳ ರಾಶಿಯೇ ಇದ್ದರೂ ಪ್ರಶ್ನೆಯ ಮೇಲೆ ಒಡೆತನವಿರುವುದಿಲ್ಲ. ಉದ್ಯೋಗಕ್ಕೆ ಸೇರಿದ ಮೇಲೆ, ಪ್ರಶ್ನೆಯು ದಿನದಿನಕ್ಕೂ ಬದಲಾಗುವ ಪರಿಸ್ಥಿತಿಯು ಎದುರಾದೊಡನೆ, ಅವನು ಅಂತರಜಾಲದಲ್ಲಿ ಹುಡುಕಿ, ಮೊದಲು ಕಂಡ ಪೇಸ್ಟ್-ಪಾರ್ಸ್‌ನ ಉಪಾಯವನ್ನು ಎತ್ತಿಕೊಳ್ಳುತ್ತಾನೆ. ಇದು ಅವನ ತಪ್ಪಲ್ಲ. ಕಲಿಸಬೇಕಾದುದನ್ನು ಕಲಿಸಬೇಕಾದ ಕಾಲದಲ್ಲಿ ಕಲಿಸದ ನಮ್ಮ ಪಠ್ಯಕ್ರಮದ ಕೊರತೆ.

ಕಲಿಸುವುದಕ್ಕೆ ಬಹುಕಾಲವೂ ಬೇಡ. ಕ್ವೋಟ್ ಎಂದರೇನು, ಉಕ್ತಿಯ ಅಂಗಗಳನ್ನು ಎಣಿಸುವುದು ಹೇಗೆ, ಒಂದು ಅಂಗವನ್ನು ಬದಲಿಸುವುದು ಹೇಗೆ, ಅದನ್ನು ಯಾವ ಪರಿಸರದಲ್ಲಿ ಲೆಕ್ಕಹಾಕಬೇಕು ಎಂಬ ಮೂಲಪಾಠಗಳು ಮೊದಲ ಕೆಲವು ಪ್ರಯೋಗಗಳಲ್ಲೇ, ಸರಾಸರಿ ಮತ್ತು ವಿಚಲನೆಗಳ ಜೊತೆಜೊತೆಗೇ ಬಂದುಬಿಡಬೇಕು. ಎಂಟನೆಯ ತರಗತಿಯಲ್ಲಿ ಬೀಜೋಕ್ತಿಯ ಪದಗಳನ್ನು ಗುರುತಿಸಲು ಕಲಿತ ಹುಡುಗನಿಗೆ ಇದು ಕಷ್ಟವಾಗದು. ಪರೀಕ್ಷೆಯಲ್ಲಿಯೂ, ಕೊಟ್ಟ ಕೋಷ್ಟಕದ ಸರಾಸರಿಯನ್ನು ಕಂಡುಹಿಡಿಯಿರಿ ಎಂಬುದರ ಜೊತೆಗೆ, ಯಾವುದೇ ಕೋಷ್ಟಕ, ಯಾವುದೇ ಕಂಬಸಾಲು, ಅನುಮತಿಸಿದ ಯಾವುದೇ ಫಂಕ್ಷನ್, ಎಷ್ಟೇ ಷರತ್ತುಗಳು ಬಂದರೂ ಸರಿಯಾದ ಉತ್ತರವನ್ನು ಕೊಡತಕ್ಕ ಫಂಕ್ಷನ್ ಒಂದನ್ನು ಬರೆಯಿರಿ ಎಂಬ ಪ್ರಶ್ನೆಯಿರಲಿ. ಷರತ್ತುಗಳ ಪಟ್ಟಿ ಬರಿದಾಗಿದ್ದಾಗ ಏನಾಗುತ್ತದೆಂಬುದನ್ನೂ, ಆರ್ಗ್ಯುಮೆಂಟಿನ ಹೆಸರೇ ಕಂಬಸಾಲಿನ ಹೆಸರೂ ಆಗಿದ್ದಾಗ ಏನಾಗುತ್ತದೆಂಬುದನ್ನೂ ಪರೀಕ್ಷಕರು ಓಡಿಸಿ ನೋಡಲಿ. ಈ ವಿಷಯವನ್ನು ವಿವರಿಸುವ ದೀರ್ಘವಾದ ಪಾಠವೊಂದು ಪ್ಯಾಕೇಜಿನ ಜೊತೆಯಲ್ಲೇ ಇಂಗ್ಲಿಷಿನಲ್ಲಿ ದೊರೆಯುತ್ತದೆ. ಕನ್ನಡದಲ್ಲಿ ಅಂಥದೊಂದನ್ನು ಬರೆಸಿ ಪ್ರಕಟಿಸುವ ಹೊಣೆಯನ್ನು ನಮ್ಮ ವಿಶ್ವವಿದ್ಯಾನಿಲಯಗಳ ಪ್ರಸಾರಾಂಗಗಳು ಹೊತ್ತುಕೊಳ್ಳಬೇಕು. ಅದನ್ನು ಬರೆಯುವವರು ಉದಾಹರಣೆಯ ಕೋಷ್ಟಕಗಳಿಗೆ ಕನ್ನಡದ ತಲೆಬರಹಗಳನ್ನೇ ಇಡಬೇಕು, ಎರಡು ಮೂರು ಪದಗಳುಳ್ಳವನ್ನೂ ಅಡ್ಡಗೆರೆಯುಳ್ಳವನ್ನೂ ತಪ್ಪದೆ ಸೇರಿಸಬೇಕು, ಏಕೆಂದರೆ ನಮ್ಮ ಹುಡುಗರು ನಾಳೆ ತಾಲ್ಲೂಕು ಕಚೇರಿಯಲ್ಲಿಯೂ ಸಹಕಾರ ಸಂಘದಲ್ಲಿಯೂ ಎದುರಿಸಬೇಕಾಗಿರುವುದು ಅಂಥ ಕೋಷ್ಟಕಗಳನ್ನೇ.